ಲಿನಕ್ಸ್ ಡಾಕ್ಯುಮೆಂಟೇಶನ್ ಪ್ರಾಜೆಕ್ಟ್

ಲಿನಕ್ಸ್ ಬಳಕೆದಾರರಿಗೆ ಬೇಕಾದ ಕೈಪಿಡಿ, ಮಾರ್ಗದರ್ಶಿ, ಪ್ರಶ್ನೋತ್ತರಗಳನ್ನು ಸ್ವಯಂಸೇವಕರಿಂದ ಬರೆಸಿ, ಒಂದೆಡೆ ಸೇರಿಸಿ, ಉಚಿತವಾಗಿ ಹಂಚಲು 1992ರಲ್ಲಿ ಆರಂಭವಾದ ಯೋಜನೆ. ಮ್ಯಾಟ್ ವೆಲ್ಶ್, ಲಾರ್ಸ್ ವಿರ್ಜೇನಿಯಸ್, ಮೈಕೆಲ್ ಕೆ. ಜಾನ್ಸನ್ ಇದರ ಮೊದಲ ಸಂಘಟಕರು. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಕರ್ನೆಲ್ ಬಿಡುಗಡೆ ಮಾಡಿದಾಗ, ಕೈಪಿಡಿಗಳನ್ನು ಸಂಬಳ ಕೊಟ್ಟು ಬರೆಸುವ ಕಂಪನಿ ಯಾವುದೂ ಅದರ ಹಿಂದೆ ಇರಲಿಲ್ಲ. ಬಳಸಿ ಕಲಿತವರೇ ಉಳಿದವರಿಗಾಗಿ ಬರೆಯಬೇಕಾಯಿತು.

ಬರಹಗಳು

ಪುಸ್ತಕದಷ್ಟು ದೊಡ್ಡ ಮಾರ್ಗದರ್ಶಿಗಳು, ಒಂದೊಂದು ಕೆಲಸವನ್ನು ಹಂತಹಂತವಾಗಿ ತಿಳಿಸುವ ‘ಹೌಟು’ಗಳು, ಆಜ್ಞೆಗಳನ್ನು ವಿವರಿಸುವ ‘ಮ್ಯಾನ್’ ಪುಟಗಳು ಯೋಜನೆಯ ಮುಖ್ಯ ಪ್ರಕಾರಗಳು. ಓಲಾಫ್ ಕಿರ್ಶ್ ಬರೆದ ನೆಟ್‌ವರ್ಕ್ ಆಡಳಿತಗಾರರ ಮಾರ್ಗದರ್ಶಿಯನ್ನು ಓರೈಲಿ ಸಂಸ್ಥೆ 1995ರಲ್ಲಿ ಮುದ್ರಿಸಿತು. ಈಥರ್ನೆಟ್ ಹೌಟು ಒಂದೊಂದೇ ಕಾರ್ಡಿನ ಹೆಸರು ಹಿಡಿದು ಅದಕ್ಕೆ ಹೊಂದುವ ಡ್ರೈವರ್ ಯಾವುದು, ಅದು ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ ಎಂದು ಹೇಳುತ್ತಿತ್ತು. ಪರದೆಯ ಆವರ್ತನಗಳನ್ನು ಕೈಯಾರೆ ಲೆಕ್ಕಹಾಕಬೇಕಿದ್ದ ಕಾಲದಲ್ಲಿ ತಪ್ಪು ಅಂಕಿ ಬರೆದರೆ ಮಾನಿಟರೇ ಕೆಡಬಹುದಿತ್ತು. ಹೌಟು ಬರೆಯುವವರ ಮೇಲಿದ್ದ ಹೊಣೆ ಅಷ್ಟು ದೊಡ್ಡದು.

ಒಂದು ಬರಹಕ್ಕೆ ಒಬ್ಬ ಹೊಣೆಗಾರ ಎಂಬುದು ಇಲ್ಲಿನ ಪದ್ಧತಿ. ಹೊಸಬರು ವಿಷಯವನ್ನು ಆರಿಸಿ ತಿಳಿಸುತ್ತಿದ್ದರು. ಅದೇ ವಿಷಯ ಬೇರೆಯವರ ಕೈಯಲ್ಲಿ ಇಲ್ಲವೆಂದು ಸಂಯೋಜಕರು ಖಚಿತಪಡಿಸಿಕೊಳ್ಳುತ್ತಿದ್ದರು. ತಾಂತ್ರಿಕ ಸರಿತನಕ್ಕೆ ಒಂದು, ಭಾಷೆಗೆ ಒಂದು ಎಂದು ಬೇರೆಬೇರೆ ಪರಿಶೀಲನೆಗಳನ್ನು ಮುಂದೆ ಜಾರಿಗೆ ತರಲಾಯಿತು.

ಪಠ್ಯರೂಪದ ಸಮಸ್ಯೆ

ಮೊದಲ ಮಾರ್ಗದರ್ಶಿಗಳು ಲೇಟೆಕ್‌ನಲ್ಲಿದ್ದವು. ಕಾಗದದ ಮೇಲೆ ಅವು ಅಂದವಾಗಿ ಮೂಡುತ್ತಿದ್ದವು. ಆದರೆ ಹೌಟು ಓದುವವರು ಅಕ್ಷರಗಳಷ್ಟೇ ಕಾಣುವ ಟರ್ಮಿನಲ್ ಮುಂದೆ ಕುಳಿತಿರುತ್ತಿದ್ದರು. ಜಾಲತಾಣಗಳೂ ಆಗ ತಾನೇ ಬರುತ್ತಿದ್ದವು. ಒಂದೇ ಮೂಲದಿಂದ ಸರಳ ಪಠ್ಯ, ಎಚ್‌ಟಿಎಂಎಲ್, ಪೋಸ್ಟ್‌ಸ್ಕ್ರಿಪ್ಟ್ ಮೂರನ್ನೂ ಪಡೆಯಲೆಂದು, ಟಾಮ್ ಗಾರ್ಡನ್ ಅವರ ಕ್ವರ್ಟ್ಸ್ ಎಂಬ ಎಸ್‌ಜಿಎಂಎಲ್ ವಿನ್ಯಾಸವನ್ನು ಮಾರ್ಪಡಿಸಿ ವೆಲ್ಶ್ ಲಿನಕ್ಸ್‌ಡಾಕ್ ರೂಪಿಸಿದರು. ಇದರಲ್ಲಿ ಕಲಿಯಬೇಕಾದ ಗುರುತುಗಳು ಕೆಲವೇ. ಒಂದು ಸಾಲು ಖಾಲಿ ಬಿಟ್ಟರೆ ಹೊಸ ಪ್ಯಾರಾ. ಯೋಜನೆಯ ಆರಂಭದ ಬೆಳವಣಿಗೆಗೆ ಈ ಸರಳತೆಯೇ ಮುಖ್ಯ ಕಾರಣವೆನ್ನಬಹುದು.

ಮುಂದೆ ಯೋಜನೆ ಡಾಕ್‌ಬುಕ್‌ಗೆ ಹೊರಳಿತು. ಹ್ಯಾಲ್ ಕಂಪ್ಯೂಟರ್ ಸಿಸ್ಟಮ್ಸ್ ಮತ್ತು ಓರೈಲಿ ಸಂಸ್ಥೆಗಳು ತಾಂತ್ರಿಕ ಪ್ರಕಟಣೆಗಾಗಿ ಹುಟ್ಟುಹಾಕಿದ ವಿನ್ಯಾಸವಿದು. ಯಾವುದು ಆಜ್ಞೆ, ಯಾವುದು ಕಡತದ ಹೆಸರು, ಯಾವುದು ಒತ್ತಬೇಕಾದ ಕೀಲಿ ಎಂಬುದನ್ನೆಲ್ಲ ಬೇರೆಬೇರೆಯಾಗಿ ಗುರುತಿಸಬಲ್ಲದು. ಸೂಚಿ ತಯಾರಿಸಲು, ಹುಡುಕಲು ಅನುಕೂಲ. ಆದರೆ ಇದರ ಗುರುತುಗಳು ನೂರಾರು. ಪ್ರತಿ ಪ್ಯಾರಾಕ್ಕೂ ಆರಂಭದ ಗುರುತು, ಮುಕ್ತಾಯದ ಗುರುತು. ಬಿಡುವಿನಲ್ಲಿ ನಾಲ್ಕು ಸಾಲು ತಿದ್ದಲು ಬಂದವರು ಮೊದಲು ಪರಿವರ್ತಕ ಸಲಕರಣೆಗಳನ್ನು ಅಳವಡಿಸುವುದರಲ್ಲೇ ದಣಿಯುತ್ತಿದ್ದರು. ಬೇರೆ ರೂಪದಲ್ಲಿ ಬಂದ ಬರಹಗಳನ್ನು ಡಾಕ್‌ಬುಕ್‌ಗೆ ತಂದುಕೊಡುವ ಸ್ವಯಂಸೇವಕರನ್ನು ಯೋಜನೆ ನೇಮಿಸಿಕೊಂಡಿತಾದರೂ ತೊಡಕು ಪೂರ್ತಿ ನೀಗಿದಂತೆ ಕಾಣುವುದಿಲ್ಲ. ಬೇರೆ ಯೋಜನೆಗಳು ಹಗುರ ಗುರುತುಗಳತ್ತ ಹೊರಳಿದವು: ಪೈಥಾನ್ ಭಾಷೆಯ ಕೈಪಿಡಿ 2008ರಲ್ಲಿ ಲೇಟೆಕ್ ಬಿಟ್ಟು, ಅಂಥ ಗುರುತುಗಳನ್ನು ಬಳಸುವ ಸ್ಫಿಂಕ್ಸ್ ಸಲಕರಣೆಗೆ ಸೇರಿತು. ಲಿನಕ್ಸ್ ಕರ್ನೆಲ್ ಕೂಡ 2016ರ 4.8 ಆವೃತ್ತಿಯಿಂದ ಅದೇ ದಾರಿ ಹಿಡಿಯಿತು. ಗುರುತುಗಳ ಭಾರ ಕಡಿಮೆಯಾದಷ್ಟೂ ತಿದ್ದುವ ಕೈಗಳು ಹೆಚ್ಚುತ್ತವೆ ಎಂಬ ಲಿನಕ್ಸ್‌ಡಾಕ್ ಕಾಲದ ತಿಳಿವಳಿಕೆ ಈ ಎರಡರಲ್ಲೂ ಕಾಣುತ್ತದೆ.

ಪರವಾನಗಿ

ಯೋಜನೆಯನ್ನು ಒಳಗಿಂದ ಸೊರಗಿಸಿದ್ದು ಬರಹಗಾರರ ಕೊರತೆಗಿಂತ ಹೆಚ್ಚಾಗಿ ಹಕ್ಕಿನ ಪ್ರಶ್ನೆ. ಪ್ರತಿಯೊಬ್ಬ ಲೇಖಕರೂ ತಮಗೆ ಸರಿಕಂಡ ಪರವಾನಗಿ ಹಾಕಬಹುದಿತ್ತು. ಕೆಲವರು ತಮ್ಮ ಒಪ್ಪಿಗೆಯಿಲ್ಲದೆ ಯಾರೂ ಬದಲಾಯಿಸಕೂಡದೆಂದು ಬರೆದರು. ಲೇಖಕರು ಉದ್ಯೋಗ ಬದಲಿಸಿ, ಆಸಕ್ತಿ ಕಳೆದುಕೊಂಡು, ಇಮೇಲ್ ವಿಳಾಸವೂ ಸತ್ತ ಮೇಲೆ ಅಂಥ ಬರಹವನ್ನು ತಿದ್ದುವ ಕಾನೂನುಬದ್ಧ ದಾರಿಯೇ ಉಳಿಯಲಿಲ್ಲ. ಡೆಬಿಯನ್ ವಿತರಣೆ ಹೌಟುಗಳನ್ನು ಮುಕ್ತ, ಅಮುಕ್ತ ಎಂದು ಎರಡು ಪ್ಯಾಕೇಜುಗಳಾಗಿ ಒಡೆಯಬೇಕಾಯಿತು. ಕೈಪಿಡಿಗಳಿಗೆಂದೇ ರೂಪಿಸಿದ ಗ್ನೂ ಮುಕ್ತ ದಸ್ತಾವೇಜು ಪರವಾನಗಿ ಬಂದದ್ದು 2000ದಲ್ಲಿ. ಬದಲಾಯಿಸಲಾಗದ ಭಾಗಗಳನ್ನು ಇಟ್ಟುಕೊಳ್ಳಲು ಅದೂ ಅವಕಾಶ ಕೊಟ್ಟಿದ್ದರಿಂದ ವಾದ ಮುಂದುವರಿಯಿತು. ಅಂಥ ಭಾಗಗಳಿಲ್ಲದಿದ್ದರೆ ಮಾತ್ರ ಮುಕ್ತವೆಂದು ಡೆಬಿಯನ್ 2006ರಲ್ಲಿ ಮತದಾನದಿಂದ ತೀರ್ಮಾನಿಸಿತು.

ಈಚಿನ ಸ್ಥಿತಿ

ವಿಕಿಗಳು ಬಂದ ಮೇಲೆ ಓದುಗರು ಅತ್ತ ಸರಿದರು; ವಿತರಣೆಗಳು ತಮ್ಮದೇ ಕೈಪಿಡಿ ಸಿದ್ಧಪಡಿಸಿಕೊಂಡವು. ಆರ್ಚ್ ವಿಕಿಯಂಥ ಕಡೆ ಪುಟಕ್ಕೆ ಒಡೆಯರಿಲ್ಲ, ಆದ್ದರಿಂದ ತಿದ್ದಲು ಯಾರನ್ನೂ ಕಾಯಬೇಕಿಲ್ಲ. ಸಮಸ್ಯೆ ಮಾತ್ರ ಹಾಗೆಯೇ ಇದೆ: ಗಿಟ್‌ಹಬ್ 2017ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 93 ಮಂದಿ ಅಪೂರ್ಣ ಅಥವಾ ಹಳತಾದ ಕೈಪಿಡಿಗಳನ್ನು ಎದುರಿಸಿದ್ದಾಗಿ ಹೇಳಿದರು, ಕೊಡುಗೆದಾರರಲ್ಲಿ ಶೇ. 60ರಷ್ಟು ಜನ ಕೈಪಿಡಿ ಕೆಲಸಕ್ಕೆ ಕೈಹಾಕುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಎಂದರು.

ಯೋಜನೆಯ ಸಂಗ್ರಹದಲ್ಲಿ ಇಂದಿಗೂ ಓದುಗರನ್ನು ಉಳಿಸಿಕೊಂಡಿರುವ ಮೆಂಡೆಲ್ ಕೂಪರ್ ಅವರ ಬ್ಯಾಶ್ ಸ್ಕ್ರಿಪ್ಟಿಂಗ್ ಮಾರ್ಗದರ್ಶಿ ಕೊನೆಯದಾಗಿ ಪರಿಷ್ಕಾರಗೊಂಡದ್ದು 2014ರಲ್ಲಿ. ಈ ಸಂಗ್ರಹದ ಯಾವುದೇ ಬರಹ ಬಳಸುವವರು ಮೊದಲು ಅದರ ಪರಿಷ್ಕರಣೆಯ ದಿನಾಂಕವನ್ನು ನೋಡಿಕೊಳ್ಳಬೇಕು.