ಲಾರಿಗಳ ಇಂಧನ ಕ್ಷಮತೆ

ಲಾರಿಯ ಇಂಧನ ಕ್ಷಮತೆ ಎಂದರೆ ನಿರ್ದಿಷ್ಟ ಭಾರವನ್ನು ಹೊತ್ತ ಲಾರಿಯು ಒಂದು ಲೀಟರ್ ಡೀಸೆಲ್‌ನಲ್ಲಿ ಕ್ರಮಿಸುವ ದೂರ. ಸಾರಿಗೆ ವಲಯದಲ್ಲಿ ಇದನ್ನು 'ಆವರೇಜ್' ಅಥವಾ 'ಮೈಲೇಜ್' ಎಂದು ಕರೆಯುವುದು ರೂಢಿ. ವೇಗ, ಎಂಜಿನ್, ಒಟ್ಟು ತೂಕ, ರಸ್ತೆಯ ಏರಿಳಿತ ಮತ್ತು ನಿಲುಗಡೆಗಳ ಸಂಖ್ಯೆ ಇದನ್ನು ನಿರ್ಧರಿಸುತ್ತವೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಉಣಕಲ್ ಪರಿಸರದಲ್ಲಿ ಈ ಎಲ್ಲ ಅಂಶಗಳೂ ಕೆಲವೇ ಕಿಲೋಮೀಟರ್‌ಗಳ ಅಂತರದಲ್ಲಿ ಕಾಣಸಿಗುತ್ತವೆ.

ಸ್ಥಳೀಯ ಹಿನ್ನೆಲೆ

ಉಣಕಲ್ ಹಳೆಯ ಪುಣೆ-ಬೆಂಗಳೂರು ರಸ್ತೆಯ ಮೇಲಿದೆ. ಜನರ ಬಾಯಲ್ಲಿ ಇದು ಇಂದಿಗೂ 'ಪಿ.ಬಿ. ರಸ್ತೆ'. ದೂರದ ಊರುಗಳಿಗೆ ಹೋಗುವ ಲಾರಿಗಳು ನಗರವನ್ನು ಹೊಕ್ಕದೆ ಸಾಗಲೆಂದು ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು 30 ಕಿ.ಮೀ. ಉದ್ದದ ಬೈಪಾಸ್ ನಿರ್ಮಾಣವಾಯಿತು. ರಾಷ್ಟ್ರೀಯ ಹೆದ್ದಾರಿ 48ರ (ಹಿಂದಿನ 4ರ) ಈ ಭಾಗವು ಬಹುಕಾಲ ಎರಡೇ ಪಥಗಳದ್ದಾಗಿತ್ತು; ಆರು ಪಥಗಳಿಗೆ ವಿಸ್ತರಿಸುವ ಕಾಮಗಾರಿಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 52 (ಹಿಂದಿನ 63) ಅರಬೈಲು ಘಟ್ಟದ ಮೂಲಕ ಸಾಗುತ್ತದೆ. 1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಆರಂಭಿಸಿದ ವಿ.ಆರ್.ಎಲ್. ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿ ಸಮೀಪದ ವರೂರಿನಲ್ಲಿದೆ. ಲಾರಿ ಸಾಗಣೆ ಈ ಭಾಗದ ಮುಖ್ಯ ಉದ್ಯಮಗಳಲ್ಲಿ ಒಂದು.

ವೇಗದ ಪರಿಣಾಮ

ಸಮತಟ್ಟಾದ ರಸ್ತೆಯಲ್ಲಿ ಲಾರಿಯನ್ನು ಎರಡು ಬಲಗಳು ಹಿಂದಕ್ಕೆ ಎಳೆಯುತ್ತವೆ. ಒಂದು ಟೈರುಗಳ ಉರುಳುವಿಕೆಯ ಪ್ರತಿರೋಧ; ಇದು ತೂಕಕ್ಕೆ ತಕ್ಕಂತೆ ಇರುತ್ತದೆ, ವೇಗದೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಇನ್ನೊಂದು ಗಾಳಿಯ ಪ್ರತಿರೋಧ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ಎಳೆತ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ.

ಒಟ್ಟು 28.5 ಟನ್ ತೂಕದ ಹತ್ತು ಚಕ್ರದ ಲಾರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. (2018ರ ಜುಲೈಗೆ ಮೊದಲು ಇಂಥ ಲಾರಿಗೆ ಅನುಮತಿಸಿದ್ದ ಒಟ್ಟು ತೂಕ 25 ಟನ್.) ಸಾಮಾನ್ಯ ಅಂದಾಜು ಮೌಲ್ಯಗಳಿಂದ ಲೆಕ್ಕ ಹಾಕಿದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರಗಳಿಗೆ ಬೇಕಾದ ಶಕ್ತಿ ಸುಮಾರು 60 ಅಶ್ವಶಕ್ತಿ, 80 ಕಿ.ಮೀ. ವೇಗದಲ್ಲಿ ಸುಮಾರು 100. ಪ್ರತಿ ಕಿಲೋಮೀಟರಿಗೆ ತಗಲುವ ಡೀಸೆಲ್ ಶೇ. 20ಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ದೂರವನ್ನು 400 ಕಿ.ಮೀ. ಎಂದು ಹಿಡಿದು, ಒಂದೇ ವೇಗದಲ್ಲಿ ಸಾಗಿದರೆಂದು ಭಾವಿಸಿದರೆ, ವೇಗದ ಓಟದಿಂದ 1 ಗಂಟೆ 40 ನಿಮಿಷ ಉಳಿಯುತ್ತದೆ. ಸುಮಾರು 18 ಲೀಟರ್ ಡೀಸೆಲ್ ಹೆಚ್ಚು ಸುಡುತ್ತದೆ.

ಇಲ್ಲಿ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾದ ಸಂಗತಿಯೊಂದಿದೆ. ಲಾರಿ ಖಾಲಿಯಾದರೆ ಟೈರಿನ ಪ್ರತಿರೋಧ ಬಹಳ ಇಳಿಯುತ್ತದೆ, ಗಾಳಿಯದು ಇಳಿಯುವುದೇ ಇಲ್ಲ. ಆದ್ದರಿಂದ 60ರಿಂದ 80ಕ್ಕೆ ವೇಗ ಏರಿಸಿದಾಗ ಸುಮಾರು 10 ಟನ್ ತೂಗುವ ಖಾಲಿ ಲಾರಿಯ ವೆಚ್ಚ ಶೇ. 40ರಷ್ಟು ಹೆಚ್ಚುತ್ತದೆ. ಮಾಲು ಇಳಿಸಿ ಹಿಂದಿರುಗುವಾಗ, ಲಾರಿ ಹಗುರಾಗಿದೆಯೆಂದು ವೇಗವಾಗಿ ಓಡಿಸುವ ಅಭ್ಯಾಸ ಹೀಗೆ ದುಬಾರಿಯಾಗುತ್ತದೆ. ಹಾರಾಡುವ ತಾಡಪಾಲು ಗಾಳಿಯ ಎಳೆತವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಇಂಧನ ಮಿತವ್ಯಯಕ್ಕಾಗಿ ಶ್ರಮಿಸುವ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಗಂಟೆಗೆ 45–55 ಕಿ.ಮೀ. ವೇಗವನ್ನು ಸೂಚಿಸುತ್ತದೆ. ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಸರಕು ವಾಹನಗಳಿಗೆ 2018ರ ಕೇಂದ್ರ ಅಧಿಸೂಚನೆ ನಿಗದಿಪಡಿಸಿದ ಗರಿಷ್ಠ ಮಿತಿ 80 ಕಿ.ಮೀ. ಕಾನೂನಿನ ಮಿತಿಯೂ ಮಿತವ್ಯಯದ ವೇಗವೂ ಒಂದೇ ಅಲ್ಲ.

ನಿಲುಗಡೆ ಮತ್ತು ಏರು

ನಿಧಾನವಾದ ರಸ್ತೆಯೆಲ್ಲ ಮಿತವ್ಯಯದ ರಸ್ತೆಯಲ್ಲ. ಉಣಕಲ್ ಕ್ರಾಸ್‌ನಂತಹ ದಟ್ಟಣೆಯ ಸ್ಥಳದಲ್ಲಿ ನಿಂತ 28.5 ಟನ್ ಲಾರಿ ಮತ್ತೆ 50 ಕಿ.ಮೀ. ವೇಗ ಪಡೆಯಲು ಸುಮಾರು 200 ಮಿಲಿಲೀಟರ್ ಡೀಸೆಲ್ ಬೇಕು. ಬ್ರೇಕ್ ಒತ್ತಿದೊಡನೆ ಆ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಐದು ಬಾರಿ ನಿಂತು ಹೊರಟರೆ ಒಂದು ಲೀಟರ್ ವ್ಯಯವಾಯಿತು. ಅಷ್ಟರಲ್ಲಿ ತೆರೆದ ರಸ್ತೆಯ ಮೇಲೆ ನಾಲ್ಕೈದು ಕಿ.ಮೀ. ಸಾಗಬಹುದಿತ್ತು. ಎರಡು ಪಥದ ಬೈಪಾಸಿನಲ್ಲಿ ಮುಂದಿನ ಲಾರಿಯನ್ನು ಹಿಂದಿಕ್ಕಲು ಮತ್ತೆ ಮತ್ತೆ ವೇಗ ಏರಿಸಿ ಇಳಿಸುವುದೂ ಇದೇ ಬಗೆಯ ನಷ್ಟ. ಅಪಾಯದ ಮಾತು ಬೇರೆ.

ಅಂಕೋಲಾದ ಕರಾವಳಿಯಿಂದ ಹುಬ್ಬಳ್ಳಿಗೆ ಏರುವ ಎತ್ತರ ಸುಮಾರು 650 ಮೀಟರ್. ತುಂಬಿದ ಲಾರಿಯನ್ನು ಅಷ್ಟು ಮೇಲೆತ್ತಲು ಮಾತ್ರವೇ 13 ಲೀಟರ್‌ನಷ್ಟು ಡೀಸೆಲ್ ತಗಲುತ್ತದೆ. ಇಳಿಜಾರಿನಲ್ಲಿ ಉಳಿತಾಯವಾಗುತ್ತದೆಂದು ಗೇರನ್ನು ನ್ಯೂಟ್ರಲ್‌ಗೆ ಹಾಕುವ ರೂಢಿ ತಪ್ಪು. ವಿದ್ಯುನ್ಮಾನ ನಿಯಂತ್ರಣದ ಎಂಜಿನ್ ಗೇರಿನಲ್ಲಿದ್ದಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರಲು ಇಂಧನ ಉರಿಯುತ್ತಲೇ ಇರುತ್ತದೆ. ಎಂಜಿನ್‌ನ ತಡೆ ಇಲ್ಲದೆ ಬ್ರೇಕ್ ಕಾದು ಕೈಕೊಡುವ ಭಯವೂ ಇದೆ.

ಎಂಜಿನ್ ಆಯ್ಕೆ

ಭಾರತದ ಹಲವು ಲಾರಿಗಳ ಹೆಸರಿನ ಅಂಕಿಗಳಲ್ಲಿಯೇ ಅವುಗಳ ಪರಿಚಯವಿದೆ. ಟಾಟಾ 1613 ಎಂದರೆ ಸುಮಾರು 16 ಟನ್ ಒಟ್ಟು ತೂಕ, 130 ಅಶ್ವಶಕ್ತಿ. 'ಸಣ್ಣ ಎಂಜಿನ್ ಕಡಿಮೆ ಕುಡಿಯುತ್ತದೆ' ಎಂಬ ನಂಬಿಕೆ ಅರ್ಧ ಸತ್ಯ. ಡೀಸೆಲ್ ಎಂಜಿನ್ ಮಧ್ಯಮ ಸುತ್ತುಗಳಲ್ಲಿ, ತಕ್ಕಷ್ಟು ಹೊರೆ ಇರುವಾಗ ಅತ್ಯುತ್ತಮವಾಗಿ ದುಡಿಯುತ್ತದೆ. ಹಲವು ಭಾರಿ ಎಂಜಿನ್‌ಗಳಲ್ಲಿ ಇದು ನಿಮಿಷಕ್ಕೆ 1,200ರಿಂದ 1,600 ಸುತ್ತುಗಳ ನಡುವಿನ ವ್ಯಾಪ್ತಿ. ಚಾಲಕನ ಮುಂದಿನ ಸುತ್ತುಮಾಪಕದಲ್ಲಿ ಈ ಭಾಗಕ್ಕೆ ಹಸಿರು ಪಟ್ಟಿ ಬಳಿದಿರುತ್ತಾರೆ. ಘಟ್ಟದಲ್ಲಿ ಸಣ್ಣ ಎಂಜಿನ್ ಕೆಳಗಿನ ಗೇರಿನಲ್ಲಿ ಹಸಿರು ಪಟ್ಟಿ ಮೀರಿ ತಿರುಗಬೇಕಾಗುತ್ತದೆ. ಬಯಲಿನಲ್ಲಿ ಹಗುರ ಮಾಲು ಒಯ್ಯುವ ದೊಡ್ಡ ಎಂಜಿನ್ ತನ್ನ ಶಕ್ತಿಯ ಅಲ್ಪಾಂಶವನ್ನಷ್ಟೇ ಬಳಸಿ, ಒಳಗಿನ ಘರ್ಷಣೆಗೇ ಹೆಚ್ಚು ಇಂಧನ ತೆರುತ್ತದೆ. ಎಂಜಿನ್ನಿನಷ್ಟೇ ಮುಖ್ಯವಾದುದು ಹಿಂದಿನ ಆಕ್ಸಲ್‌ನ ಹಲ್ಲುಗಳ ಅನುಪಾತ. ಖರೀದಿಸುವವರು ಇದನ್ನು ವಿಚಾರಿಸುವುದು ಕಡಿಮೆ.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ನಿಯಮ ಜಾರಿಗೆ ಬಂದಿತು. ಈ ನಿಯಮದ ಭಾರಿ ಲಾರಿಗಳಲ್ಲಿ ಹೊಗೆಯ ಶುದ್ಧೀಕರಣಕ್ಕೆ ಯೂರಿಯಾ ದ್ರಾವಣ ಬಳಕೆಯಾಗುವುದರಿಂದ, ಹಳೆಯ ಲಾರಿಯೊಂದಿಗೆ ಹೋಲಿಸುವಾಗ ಅದರ ಬೆಲೆಯನ್ನೂ ಸೇರಿಸಬೇಕು.

ಮಾನದಂಡ ಮತ್ತು ಬಳಕೆ

12 ಟನ್‌ಗಿಂತ ಹೆಚ್ಚು ತೂಕದ ವಾಹನಗಳ ಇಂಧನ ಬಳಕೆಗೆ ಕೇಂದ್ರ ಸರಕಾರ 2017ರಲ್ಲಿ ಮಾನದಂಡ ಪ್ರಕಟಿಸಿತು. ಇದರಲ್ಲಿ ಲಾರಿಗಳನ್ನು ಗಂಟೆಗೆ 40 ಮತ್ತು 60 ಕಿ.ಮೀ. ಸ್ಥಿರ ವೇಗದಲ್ಲಿ ಪರೀಕ್ಷಿಸುವ ಕ್ರಮವಿದೆ. ನಿಲುಗಡೆ, ಘಟ್ಟ, ಹಿಂದಿಕ್ಕುವಿಕೆ ಯಾವುದೂ ಇಂಥ ಪರೀಕ್ಷೆಯಲ್ಲಿ ಇಲ್ಲವಾದ್ದರಿಂದ ಅದರ ಅಂಕಿಯನ್ನು ರಸ್ತೆಯ ಮೇಲೆ ಹಾಗೆಯೇ ನಿರೀಕ್ಷಿಸಲಾಗದು.

ಈ ಅಂಕಿ ಕೇವಲ ತಾಂತ್ರಿಕ ವಿಷಯವಲ್ಲ. ಲೀಟರಿಗೆ ಇಷ್ಟು ಕಿ.ಮೀ. ಬರಲೇಬೇಕೆಂದು ಗೊತ್ತುಮಾಡಿ, ಕಡಿಮೆಯಾದರೆ ಚಾಲಕನ ಭತ್ಯೆಯಿಂದ ಕಳೆಯುವ ಪದ್ಧತಿ ಸಾಗಣೆ ವೃತ್ತಿಯಲ್ಲಿ ಇದೆ. ಬೆಂಗಳೂರು ದಾರಿಗೆ ಗೊತ್ತುಮಾಡಿದ ಅಂಕಿಯನ್ನು ಅಂಕೋಲಾದಿಂದ ತುಂಬಿಕೊಂಡು ಬರುವ ಲಾರಿಗೂ ಅನ್ವಯಿಸಿದರೆ, ಘಟ್ಟ ಏರಲು ತಗಲಿದ 13 ಲೀಟರ್‌ಗಳನ್ನು ಚಾಲಕನೇ ಭರಿಸಿದಂತಾಗುತ್ತದೆ. ದಾರಿ, ಹೋಗುವಾಗಿನ ಮತ್ತು ಬರುವಾಗಿನ ತೂಕ, ಎಂಜಿನ್ ಇವುಗಳಿಗೆ ತಕ್ಕಂತೆ ಬೇರೆ ಬೇರೆ ಅಂಕಿಗಳನ್ನು ಗೊತ್ತುಮಾಡುವುದು ಹೆಚ್ಚು ನ್ಯಾಯವಾದ ಕ್ರಮ.