ಕಡತದ ಮೆಟಾಡೇಟಾ ಮತ್ತು ಪ್ರವೇಶಾನುಮತಿ ಪರೀಕ್ಷೆ

ಕಡತದ ಮೆಟಾಡೇಟಾ ಮತ್ತು ಪ್ರವೇಶಾನುಮತಿ ಪರೀಕ್ಷೆ ಎಂಬುದು ಗಣಕಯಂತ್ರದಲ್ಲಿರುವ ಕಡತವೊಂದನ್ನು ತೆರೆಯದೆಯೇ ಅದು ಇದೆಯೇ, ಎಷ್ಟು ದೊಡ್ಡದು, ಯಾರಿಗೆ ಸೇರಿದ್ದು, ಯಾವಾಗ ಬದಲಾಯಿತು, ಅದನ್ನು ಓದುವ ಅಥವಾ ತಿದ್ದುವ ಹಕ್ಕು ಯಾರಿಗಿದೆ ಎಂಬ ಸಂಗತಿಗಳನ್ನು ಪ್ರೋಗ್ರಾಮಿನ ಮೂಲಕ ಕೇಳಿ ತಿಳಿಯುವ ಕ್ರಮವಾಗಿದೆ. ಶೆಲ್, ಪರ್ಲ್, ಪೈಥಾನ್, ಪಿಎಚ್‌ಪಿ ಮುಂತಾದ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಇದಕ್ಕೆ ಸಿದ್ಧ ಸೌಲಭ್ಯಗಳಿವೆ. ಕಡತದೊಳಗಿನ ಬರಹವು ದತ್ತಾಂಶವಾದರೆ, ಕಡತದ ಕುರಿತಾದ ಈ ವಿವರಗಳನ್ನು ಮೆಟಾಡೇಟಾ ಎಂದು ಕರೆಯಲಾಗುತ್ತದೆ. ಗ್ರಂಥಾಲಯದ ಸೂಚಿ ಚೀಟಿಗೂ ಪುಸ್ತಕಕ್ಕೂ ಇರುವ ಸಂಬಂಧವೇ ಇವೆರಡಕ್ಕೂ ಇದೆ. ಚೀಟಿಯನ್ನು ನೋಡಿ ಪುಸ್ತಕದ ಬಗ್ಗೆ ಬಹಳಷ್ಟು ತಿಳಿಯಬಹುದು. ಆದರೆ ಚೀಟಿ ಹೇಳಿದ್ದೆಲ್ಲವೂ ಈ ಕ್ಷಣಕ್ಕೆ ನಿಜವೆಂದು ನಂಬುವಂತಿಲ್ಲ.

ಹಿನ್ನೆಲೆ

ಇಂದು ಬಳಕೆಯಲ್ಲಿರುವ ಅನುಮತಿ ಪದ್ಧತಿಯ ಮೂಲ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಿಂದ ಇದನ್ನು ರೂಪಿಸತೊಡಗಿದರು. ಕಡತದ ವಿವರ ಕೇಳುವ ‘ಸ್ಟ್ಯಾಟ್’ ಎಂಬ ಕರೆಯು 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲಿಯೇ ಕಾಣಸಿಗುತ್ತದೆ. ಮುಂದೆ ಬಂದ ಭಾಷೆಗಳು ಇದನ್ನೇ ತಮ್ಮ ತಮ್ಮ ಹೆಸರಿನಲ್ಲಿ ಅಳವಡಿಸಿಕೊಂಡವು. ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್ ಭಾಷೆ ಶೆಲ್‌ನ ಒಂದಕ್ಷರದ ಪರೀಕ್ಷಾ ಚಿಹ್ನೆಗಳನ್ನು ಉಳಿಸಿಕೊಂಡು ಇನ್ನಷ್ಟನ್ನು ಸೇರಿಸಿತು. ಗೀಡೋ ವಾನ್ ರೋಸಮ್ 1991ರಲ್ಲಿ ಪ್ರಕಟಿಸಿದ ಪೈಥಾನ್‌ನಲ್ಲಿ ಈ ಕೆಲಸ ‘ಓಎಸ್’ ಎಂಬ ಘಟಕದ ಪಾಲಿಗೆ ಬಂದಿತು. 2014ರ 3.4ನೇ ಆವೃತ್ತಿಯಿಂದ ‘ಪಾತ್‌ಲಿಬ್’ ಎಂಬ ಮತ್ತೊಂದು ಘಟಕವೂ ದೊರೆಯಿತು.

ದೊರೆಯುವ ವಿವರಗಳು

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಪ್ರತಿ ಕಡತಕ್ಕೂ ಐನೋಡ್ ಎಂಬ ದಾಖಲೆ ಇರುತ್ತದೆ. ಕಡತದ ಬಗೆ, ಗಾತ್ರ, ಒಡೆಯ, ಗುಂಪು, ಅನುಮತಿ, ಕಾಲಮುದ್ರೆಗಳು ಎಲ್ಲವೂ ಅದರಲ್ಲಿ ಅಡಕವಾಗಿರುತ್ತವೆ. ಕಡತದ ಹೆಸರು ಮಾತ್ರ ಅಲ್ಲಿ ಇರುವುದಿಲ್ಲ; ಅದು ಕಡತವಿರುವ ಕೋಶದಲ್ಲಿ ಬರೆದಿರುತ್ತದೆ. ಇದು ಸಣ್ಣ ತಾಂತ್ರಿಕ ವಿವರದಂತೆ ಕಂಡರೂ ಪರಿಣಾಮ ಸಣ್ಣದಲ್ಲ. ಕಡತವನ್ನು ಅಳಿಸುವುದೆಂದರೆ ಕೋಶದಿಂದ ಹೆಸರನ್ನು ತೆಗೆಯುವುದು. ಆದ್ದರಿಂದ ಅಳಿಸಲು ಬೇಕಾಗುವುದು ಕೋಶದ ಮೇಲಿನ ಬರೆಯುವ ಅನುಮತಿಯೇ ಹೊರತು ಕಡತದ ಮೇಲಿನದಲ್ಲ. ಓದಲಷ್ಟೇ ಅನುಮತಿ ಇಟ್ಟು ಭದ್ರಪಡಿಸಿದೆವೆಂದುಕೊಂಡ ಕಡತವು ಒಂದು ದಿನ ಕಾಣೆಯಾಗುವುದಕ್ಕೆ ಕಾರಣ ಬಹುಮಟ್ಟಿಗೆ ಇದೇ.

ಕಾಲಮುದ್ರೆಗಳು ಮುಖ್ಯವಾಗಿ ಮೂರು: ಕಡತವನ್ನು ಕೊನೆಯ ಬಾರಿ ಓದಿದ ಸಮಯ, ಒಳಗಿನ ಬರಹ ಬದಲಾದ ಸಮಯ, ಮತ್ತು ಐನೋಡ್ ಬದಲಾದ ಸಮಯ. ಮೂರನೆಯದನ್ನು ಕಡತ ಹುಟ್ಟಿದ ಸಮಯವೆಂದು ತಿಳಿಯುವುದು ಬಹಳ ವ್ಯಾಪಕವಾದ ತಪ್ಪು. ಅನುಮತಿಯನ್ನೋ ಒಡೆಯನನ್ನೋ ಬದಲಿಸಿದರೂ ಅದು ಹೊಸದಾಗುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಪೈಥಾನ್ ಅದೇ ಹೆಸರಿನಡಿ ಹುಟ್ಟಿದ ಸಮಯವನ್ನು ಕೊಡುತ್ತಿದ್ದುದರಿಂದ ಗೊಂದಲ ಇಮ್ಮಡಿಸಿತ್ತು, 3.12ನೇ ಆವೃತ್ತಿಯಿಂದ ಆ ಬಳಕೆಯನ್ನು ಕೈಬಿಡುವಂತೆ ಸೂಚಿಸಲಾಗಿದೆ. ಓದಿದ ಸಮಯವನ್ನೂ ಹೆಚ್ಚು ನೆಚ್ಚುವಂತಿಲ್ಲ. ಪ್ರತಿ ಓದಿಗೂ ಡಿಸ್ಕಿಗೆ ಬರೆಯುವ ಶ್ರಮವನ್ನು ತಪ್ಪಿಸಲು 2009ರಿಂದ ಲಿನಕ್ಸ್ ಇದನ್ನು ರೂಢಿಯಾಗಿ ಅಪರೂಪಕ್ಕೊಮ್ಮೆ ಮಾತ್ರ ನವೀಕರಿಸುತ್ತದೆ.

ಸಮಯವನ್ನು 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳಾಗಿ ಎಣಿಸಲಾಗುತ್ತದೆ. ಭಾರತೀಯ ಕಾಲಮಾನದಲ್ಲಿ ಆ ಸೊನ್ನೆಯ ಗಳಿಗೆ ಬೆಳಗಿನ 5 ಗಂಟೆ 30 ನಿಮಿಷ. ಈ ಎಣಿಕೆಯನ್ನು 32 ಬಿಟ್‌ಗಳಲ್ಲಿ ಹಿಡಿದಿಡುವ ಹಳೆಯ ವ್ಯವಸ್ಥೆಗಳಲ್ಲಿ 2038ರ ಜನವರಿ 19ರಂದು, ಭಾರತದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ, ಸಂಖ್ಯೆ ತುಂಬಿ ಹೊರಳುತ್ತದೆ.

ಅನುಮತಿಯ ಅಂಕಿಗಳು

ಅನುಮತಿಯನ್ನು ಒಡೆಯ, ಗುಂಪು, ಇತರರು ಎಂದು ಮೂರು ವರ್ಗಗಳಿಗೆ ಪ್ರತ್ಯೇಕವಾಗಿ ಕೊಡಲಾಗುತ್ತದೆ. ಓದಲು 4, ಬರೆಯಲು 2, ಚಲಾಯಿಸಲು 1 ಎಂಬ ಬೆಲೆಗಳನ್ನು ಕೂಡಿಸಿ ಒಂದೊಂದು ವರ್ಗಕ್ಕೆ ಒಂದೊಂದು ಅಂಕಿ ಬರೆಯುವುದು ರೂಢಿ. ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನ ಕೊಕಟನೂರದಂತಹ ಊರಿನ ಶಾಲೆಯೊಂದರ ಅಂಕಪಟ್ಟಿಯ ಕಡತವನ್ನು ಉದಾಹರಣೆಗೆ ತೆಗೆದುಕೊಂಡರೆ, 640 ಎಂಬ ಅನುಮತಿಯಿದ್ದಾಗ ಒಡೆಯನಾದ ಶಿಕ್ಷಕ ಓದಿ ತಿದ್ದಬಹುದು, ಗುಂಪಿನಲ್ಲಿರುವ ಇತರ ಶಿಕ್ಷಕರು ಓದಬಹುದು, ಉಳಿದವರಿಗೆ ಏನೂ ಇಲ್ಲ. ಅದೇ 666 ಆಗಿದ್ದರೆ ಆ ಯಂತ್ರದಲ್ಲಿ ಖಾತೆಯಿರುವ ವಿದ್ಯಾರ್ಥಿಯೂ ತನ್ನ ಅಂಕಗಳನ್ನು ತಾನೇ ತಿದ್ದಿಕೊಳ್ಳಬಹುದು. ಕೋಶಗಳಿಗೆ ಈ ಅಂಕಿಗಳ ಅರ್ಥ ಸ್ವಲ್ಪ ಬೇರೆ: ಓದುವುದೆಂದರೆ ಒಳಗಿನ ಹೆಸರುಗಳ ಪಟ್ಟಿ ನೋಡುವುದು, ಬರೆಯುವುದೆಂದರೆ ಹೆಸರು ಸೇರಿಸುವುದು ಅಥವಾ ತೆಗೆಯುವುದು, ಚಲಾಯಿಸುವುದೆಂದರೆ ಅದನ್ನು ದಾಟಿ ಒಳಹೋಗುವುದು.

ವ್ಯವಸ್ಥೆಯು ಕೇಳಿದವನು ಯಾವ ವರ್ಗಕ್ಕೆ ಮೊದಲು ಹೊಂದುತ್ತಾನೋ ಆ ಒಂದು ಅಂಕಿಯನ್ನಷ್ಟೇ ನೋಡುತ್ತದೆ. ಒಡೆಯನಿಗೆ ಓದುವ ಹಕ್ಕಿಲ್ಲದೆ ಇತರರಿಗೆ ಇದ್ದರೆ, ಊರೆಲ್ಲ ಓದಬಹುದಾದ ಕಡತವನ್ನು ಒಡೆಯನೇ ಓದಲಾರ. ಹೀಗೂ ಆಗುವುದುಂಟೇ ಎಂದು ಕೇಳಿದರೆ, ಆಗುತ್ತದೆ. ಈ ಅಂಕಿಗಳು ಎಂಟರ ಮೂಲಮಾನದವು. ಪೈಥಾನ್‌ನಲ್ಲಿ ಅನುಮತಿ ಬದಲಿಸುವಾಗ 644ರ ಮುಂದೆ ಸೊನ್ನೆ ಮತ್ತು ‘ಓ’ ಅಕ್ಷರವನ್ನು ಇಡದೆ ಬರಿದೇ 644 ಎಂದು ಬರೆದರೆ ಭಾಷೆ ಅದನ್ನು ದಶಮಾನದ ಸಂಖ್ಯೆಯೆಂದು ಓದುತ್ತದೆ. ದಶಮಾನದ 644 ಎಂಟರ ಮೂಲಮಾನದಲ್ಲಿ 1204 ಆಗುತ್ತದೆ. ಅಂದರೆ ಒಡೆಯ ಬರೆಯಬಹುದು ಆದರೆ ಓದುವಂತಿಲ್ಲ, ಗುಂಪಿಗೆ ಏನೂ ಇಲ್ಲ, ಇತರರೆಲ್ಲ ಓದಬಹುದು. ಯಾವ ದೋಷಸೂಚನೆಯೂ ಬರುವುದಿಲ್ಲ. ಪರ್ಲ್ ಮತ್ತು ಪಿಎಚ್‌ಪಿಯಲ್ಲಿ ಮುಂದೆ ಒಂದು ಸೊನ್ನೆ ಬೇಕು. ಮರೆತರೆ ಫಲ ಇದೇ. ಹಾಗೆಯೇ ಸ್ಟ್ಯಾಟ್ ಹಿಂದಿರುಗಿಸುವ ಅಂಕಿಯನ್ನು ದಶಮಾನದಲ್ಲಿ ಮುದ್ರಿಸಿದಾಗ ಸಾಮಾನ್ಯ ಕಡತವೊಂದಕ್ಕೆ 33188 ಎಂದು ಬಂದರೆ ಗಾಬರಿಯಾಗಬೇಕಿಲ್ಲ. ಕಡತದ ಬಗೆ ಮತ್ತು 644 ಎರಡೂ ಸೇರಿ ಅಷ್ಟಾಗಿದೆ.

ಭಾಷೆಗಳಲ್ಲಿ ಪರೀಕ್ಷೆ

ಶೆಲ್ ಮತ್ತು ಪರ್ಲ್‌ನಲ್ಲಿ ಅಡ್ಡಗೆರೆಯ ಮುಂದೆ ಒಂದು ಅಕ್ಷರ ಬರೆದು ಪ್ರಶ್ನೆ ಕೇಳಲಾಗುತ್ತದೆ: ‘ಇ’ ಇದ್ದರೆ ಕಡತ ಇದೆಯೇ, ‘ಆರ್’ ಇದ್ದರೆ ಓದಬಹುದೇ, ‘ಡಬ್ಲ್ಯು’ ಇದ್ದರೆ ಬರೆಯಬಹುದೇ, ‘ಎಕ್ಸ್’ ಇದ್ದರೆ ಚಲಾಯಿಸಬಹುದೇ, ‘ಎಸ್’ ಇದ್ದರೆ ಬರಿದಾಗಿಲ್ಲವಷ್ಟೇ ಎಂದು. ಪರ್ಲ್‌ನ ದೊಡ್ಡ ‘ಎಮ್’ ಕಡತ ಬದಲಾಗಿ ಎಷ್ಟು ದಿನವಾಯಿತೆಂದು ಹೇಳುತ್ತದೆ. ಎಣಿಕೆ ಪ್ರೋಗ್ರಾಮು ಆರಂಭವಾದ ಗಳಿಗೆಯಿಂದ ನಡೆಯುತ್ತದೆ. ಪೈಥಾನ್‌ನಲ್ಲಿ ವಿವರಗಳಿಗೆ ‘ಸ್ಟ್ಯಾಟ್’, ಅನುಮತಿಗೆ ‘ಆ್ಯಕ್ಸೆಸ್’, ಅಸ್ತಿತ್ವಕ್ಕೆ ‘ಎಕ್ಸಿಸ್ಟ್ಸ್’ ಎಂಬ ಕಾರ್ಯಗಳಿವೆ. ಪಿಎಚ್‌ಪಿಯಲ್ಲಿ ‘ಈಸ್ ರೀಡಬಲ್’, ‘ಈಸ್ ರೈಟಬಲ್’ ಎಂಬವು ಇವೆ. ಆದರೆ ಪಿಎಚ್‌ಪಿ ಒಮ್ಮೆ ಕೇಳಿದ ಉತ್ತರವನ್ನು ನೆನಪಿನಲ್ಲಿಟ್ಟುಕೊಳ್ಳುವುದರಿಂದ, ನಡುವೆ ಬೇರೊಂದು ಪ್ರೋಗ್ರಾಮು ಕಡತವನ್ನು ಬದಲಿಸಿದ್ದರೂ ಹಳೆಯ ಉತ್ತರವನ್ನೇ ಕೊಡಬಹುದು. ಆ ನೆನಪನ್ನು ಅಳಿಸಲು ‘ಕ್ಲಿಯರ್ ಸ್ಟ್ಯಾಟ್ ಕ್ಯಾಶ್’ ಎಂಬ ಕಾರ್ಯವಿದೆ.

ಉತ್ತರಗಳ ಸೂಕ್ಷ್ಮವನ್ನು ಅರಿಯದೆ ಬಳಸುವುದು ಅಪಾಯಕರ. ಪೈಥಾನ್‌ನ ‘ಎಕ್ಸಿಸ್ಟ್ಸ್’ ‘ಇಲ್ಲ’ ಎಂದರೆ ಕಡತ ಇಲ್ಲವೆಂದೇ ಅರ್ಥವಲ್ಲ. ಕೋಶದೊಳಗೆ ಇಣುಕಲು ಅನುಮತಿ ಇಲ್ಲದಿದ್ದರೂ ಅದು ಹಾಗೆಯೇ ಹೇಳುತ್ತದೆ. ಪರ್ಲ್‌ನ ಪರೀಕ್ಷೆಗಳು ಸಾಮಾನ್ಯವಾಗಿ ಅನುಮತಿಯ ಅಂಕಿಗಳನ್ನಷ್ಟೇ ನೋಡುತ್ತವೆ. ಹೀಗಾಗಿ ಓದಲು ಮಾತ್ರ ಜೋಡಿಸಿದ ಡಿಸ್ಕಿನ ಕಡತಕ್ಕೂ ‘ಬರೆಯಬಹುದು’ ಎಂಬ ಉತ್ತರ ಬರಬಹುದು, ಬರೆಯಲು ಹೋದಾಗ ಮಾತ್ರ ಸೋಲುತ್ತದೆ.

ಪರೀಕ್ಷೆಗೂ ಬಳಕೆಗೂ ನಡುವಿನ ಅಂತರ

ಮೊದಲು ಅನುಮತಿ ಇದೆಯೇ ಎಂದು ಕೇಳಿ, ಇದ್ದರೆ ತೆರೆಯುವುದು ಎಂಬ ಕ್ರಮ ಸಹಜವೂ ಸಭ್ಯವೂ ಆಗಿ ತೋರುತ್ತದೆ. ಆದರೆ ಪ್ರಶ್ನೆಗೂ ತೆರೆಯುವಿಕೆಗೂ ನಡುವೆ ಅಲ್ಪಕಾಲ ಕಳೆಯುತ್ತದೆ. ಆ ಅವಧಿಯಲ್ಲಿ ದುರುದ್ದೇಶದ ಬಳಕೆದಾರನೊಬ್ಬ ಕಡತವನ್ನು ತೆಗೆದು ಅದೇ ಹೆಸರಿನಲ್ಲಿ ಬೇರೊಂದು ಮುಖ್ಯ ಕಡತಕ್ಕೆ ಕೊಂಡಿ ಇಟ್ಟರೆ, ಹೆಚ್ಚಿನ ಅಧಿಕಾರವುಳ್ಳ ಪ್ರೋಗ್ರಾಮು ತನಗೆ ಅರಿವಿಲ್ಲದೆ ಆ ಕಡತವನ್ನೇ ತಿದ್ದಿಬಿಡುತ್ತದೆ. ಪೈಥಾನ್‌ನ ಅಧಿಕೃತ ಕೈಪಿಡಿಯು ‘ಆ್ಯಕ್ಸೆಸ್’ ಕಾರ್ಯದ ಅಡಿಯಲ್ಲಿಯೇ ಈ ಎಚ್ಚರಿಕೆಯನ್ನು ನೀಡಿದೆ. ನೇರವಾಗಿ ತೆರೆಯಲು ಯತ್ನಿಸಿ, ನಿರಾಕರಣೆ ಬಂದರೆ ಅದನ್ನು ನಿಭಾಯಿಸುವುದು ಸರಿಯಾದ ಮಾರ್ಗ. ಗಾತ್ರ, ಒಡೆತನ ಮುಂತಾದವನ್ನು ನೋಡಲೇಬೇಕಿದ್ದರೆ ಮೊದಲು ತೆರೆದು, ಅನಂತರ ತೆರೆದ ಕಡತದ ಮೇಲೆಯೇ ಸ್ಟ್ಯಾಟ್ ಕೇಳಬೇಕು. ಹೆಸರು ಬೇರೆಯದಕ್ಕೆ ತಿರುಗಿದರೂ ತೆರೆದ ಕಡತ ಬದಲಾಗುವುದಿಲ್ಲ. ಹೊಸ ಕಡತ ಮಾಡುವಾಗ ‘ಮೊದಲೇ ಇದ್ದರೆ ಸೋಲು’ ಎಂಬ ರೀತಿಯಲ್ಲಿ ತೆರೆಯುವ ಸೌಲಭ್ಯವೂ ಪೈಥಾನ್‌ನಲ್ಲಿದೆ.

ಕನ್ನಡ ಹೆಸರಿನ ಕಡತಗಳು

ಕನ್ನಡದಲ್ಲಿ ಹೆಸರಿಟ್ಟ ಕಡತಗಳನ್ನು ಪರೀಕ್ಷಿಸುವಾಗ ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಹೇಳದ ತೊಡಕುಗಳು ಎದುರಾಗುತ್ತವೆ. ‘ಕೊಕಟನೂರ’ ಎಂಬ ಹೆಸರನ್ನು ನೋಡಬಹುದು. ಓದುವವರಿಗೆ ಇದರಲ್ಲಿ ಐದು ಅಕ್ಷರಗಳು. ಯೂನಿಕೋಡ್‌ನಲ್ಲಿ ಒಕಾರದ ಮತ್ತು ಊಕಾರದ ಚಿಹ್ನೆಗಳು ಬೇರೆಯಾಗಿ ಸೇರಿ ಏಳು ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟುಗಳಂತೆ 21 ಬೈಟುಗಳು. ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟುಗಳಾದ್ದರಿಂದ ಕನ್ನಡ ಹೆಸರಿಗೆ ಸಿಗುವುದು 85 ಸಂಕೇತಗಳು ಮಾತ್ರ. ವಿಂಡೋಸ್‌ನ ಎನ್‌ಟಿಎಫ್‌ಎಸ್ ವ್ಯವಸ್ಥೆ ಬೈಟುಗಳ ಬದಲು 16 ಬಿಟ್‌ಗಳ ಘಟಕಗಳನ್ನು ಎಣಿಸುವುದರಿಂದ ಅಲ್ಲಿ 255 ಸಂಕೇತಗಳು ಹಿಡಿಸುತ್ತವೆ. ಸುತ್ತೋಲೆಯ ಇಡೀ ವಿಷಯವನ್ನೇ ಕಡತದ ಹೆಸರಾಗಿ ಬರೆಯುವ ಅಭ್ಯಾಸವುಳ್ಳ ಕಚೇರಿಗಳ ಕಡತಗಳು ಲಿನಕ್ಸ್‌ಗೆ ನಕಲಾಗುವಾಗ ‘ಹೆಸರು ಅತಿ ಉದ್ದ’ ಎಂದು ನಿಂತುಹೋಗುವುದು ಈ ಕಾರಣಕ್ಕೆ. ಗಡಿಭಾಗದಲ್ಲಿ ಬಳಕೆಯಲ್ಲಿರುವ ಮರಾಠಿಯ ದೇವನಾಗರಿ ಹೆಸರುಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಇದಕ್ಕಿಂತ ಕಠಿಣವಾದದ್ದು ಕಣ್ಣಿಗೆ ಒಂದೇ ಆಗಿ ಯಂತ್ರಕ್ಕೆ ಬೇರೆಯಾಗುವ ಹೆಸರುಗಳ ಸಮಸ್ಯೆ. ಒಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಎರಡನೆಯ ರೀತಿಯಲ್ಲಿ ‘ಕೊಕಟನೂರ’ 24 ಬೈಟುಗಳಾಗುತ್ತದೆ. ಲಿನಕ್ಸ್‌ಗೆ ಇವು ಎರಡು ಬೇರೆ ಕಡತಗಳು. ಒಂದೇ ಕೋಶದಲ್ಲಿ ಅಕ್ಕಪಕ್ಕ ಕೂತಿರಬಲ್ಲವು. ಆ್ಯಪಲ್‌ನ ಹಳೆಯ ಕಡತ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿಯೇ ಇಡುತ್ತಿದ್ದುದರಿಂದ ಅಲ್ಲಿಂದ ಬಂದ ಕಡತ ಪರದೆಯಲ್ಲಿ ಕಾಣುತ್ತಿದ್ದರೂ ಪೈಥಾನ್ ಅದನ್ನು ‘ಇಲ್ಲ’ ಎನ್ನಬಹುದು. ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಘಟಕದಿಂದ ಎರಡೂ ಹೆಸರುಗಳನ್ನು ಒಂದೇ ರೂಪಕ್ಕೆ ತಂದು ಹೋಲಿಸುವುದು ಇದಕ್ಕೆ ಪರಿಹಾರ.

ಈ ಪರಿಹಾರ ಎಲ್ಲಕ್ಕೂ ಒದಗುವುದಿಲ್ಲ. ‘ಹೈಸ್ಕೂಲ್‌ಗಳು’ ಎಂಬಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಅಗೋಚರ ಸಂಕೇತವೊಂದು ನಡುವೆ ಇರುತ್ತದೆ. ಅದಕ್ಕೂ ಮೂರು ಬೈಟುಗಳು. ಪದದ ಕೊನೆಯಲ್ಲಿ ಅದು ಉಳಿದುಬಿಟ್ಟರೆ ಯಾರ ಕಣ್ಣಿಗೂ ಬೀಳದು. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತಿದ ಹೆಸರುಗಳೂ ಸಿಗುತ್ತವೆ. ಎರಡೂ ದುಂಡಗಿರುವುದರಿಂದ ಬೆರಳಚ್ಚಿನಲ್ಲಿ ಈ ತಪ್ಪು ಸುಲಭ, ಹುಡುಕುವುದು ಕಷ್ಟ. ಸಂಶಯ ಬಂದಾಗ ಹೆಸರನ್ನು ಬೈಟುಗಳಾಗಿ ಮುದ್ರಿಸಿ ನೋಡುವುದೊಂದೇ ದಾರಿ.

ಪೆನ್ ಡ್ರೈವ್ ಮತ್ತು ವಿಂಡೋಸ್

ಪೆನ್ ಡ್ರೈವ್‌ಗಳಲ್ಲಿ ಹೆಚ್ಚಾಗಿ ಕಾಣುವ ಫ್ಯಾಟ್ ವ್ಯವಸ್ಥೆಯಲ್ಲಿ ಒಡೆಯ, ಗುಂಪು ಎಂಬ ಕಲ್ಪನೆಯೇ ಇಲ್ಲ. ಲಿನಕ್ಸ್ ತೋರಿಸುವ ಅನುಮತಿಗಳು ಡ್ರೈವನ್ನು ಜೋಡಿಸುವಾಗ ಊಹಿಸಿಕೊಂಡವು. 640 ಎಂದು ಕಾಪಾಡಿದ ಅಂಕಪಟ್ಟಿ ಪೆನ್ ಡ್ರೈವಿಗೆ ನಕಲಾದೊಡನೆ ಆ ರಕ್ಷಣೆಯನ್ನು ಕಳೆದುಕೊಳ್ಳುತ್ತದೆ. ಇದರಲ್ಲಿ ಬದಲಾವಣೆಯ ಸಮಯ ಎರಡು ಸೆಕೆಂಡಿನ ನಿಖರತೆಯದು, ಮತ್ತು ಸ್ಥಳೀಯ ಕಾಲಮಾನದ್ದು. ಒಂದು ಯಂತ್ರದ ಕಾಲವಲಯ ಭಾರತದ್ದಾಗಿ ಇನ್ನೊಂದರದು ಗ್ರೀನಿಚ್‌ನದ್ದಾಗಿದ್ದರೆ ಅದೇ ಕಡತ ಐದೂವರೆ ಗಂಟೆ ಹಿಂದುಮುಂದಾಗಿ ಕಾಣುತ್ತದೆ. ‘ಹೊಸದನ್ನು ಮಾತ್ರ ನಕಲಿಸು’ ಎಂಬ ಸ್ಕ್ರಿಪ್ಟು ಆಗ ಹೊಸದರ ಮೇಲೆ ಹಳೆಯದನ್ನು ಬರೆದುಬಿಡಬಲ್ಲದು. ವಿಂಡೋಸ್‌ನಲ್ಲಿ ಅನುಮತಿಗಳು ಪಟ್ಟಿಯ ರೂಪದಲ್ಲಿದ್ದು, ಪೈಥಾನ್‌ನ ಸಾಮಾನ್ಯ ಅನುಮತಿ ಬದಲಾವಣೆಯು ಅಲ್ಲಿ ‘ಓದಲು ಮಾತ್ರ’ ಎಂಬ ಗುರುತನ್ನಷ್ಟೇ ಮುಟ್ಟುತ್ತದೆ.

ಮಿತಿಗಳು ಮತ್ತು ಸಾಕ್ಷ್ಯ

ಐನೋಡ್ ಕಡತದ ಒಡೆಯನನ್ನು ಹೇಳುತ್ತದೆ, ಕೊನೆಯದಾಗಿ ತಿದ್ದಿದವನನ್ನಲ್ಲ. ಯಾವ ಸಾಲು ಬದಲಾಯಿತೆಂಬುದೂ ಅದಕ್ಕೆ ತಿಳಿಯದು. ಕರ್ನಾಟಕದ ಕಂದಾಯ ಇಲಾಖೆ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯಲ್ಲಿ ಸಿಬ್ಬಂದಿ ಬೆರಳಚ್ಚು ನೀಡಿ ಪ್ರವೇಶಿಸುವ ಏರ್ಪಾಡು ಮಾಡಿದ್ದರ ಹಿಂದೆ ಇದೇ ಬಗೆಯ ಅಗತ್ಯವಿತ್ತು. ಹೊಲದ ಹಕ್ಕಿನ ಒಂದು ನಮೂದು ಬದಲಾದರೆ ಬದಲಿಸಿದವರು ಯಾರೆಂದು ತಿಳಿಯಬೇಕು. ಕಡತದ ಮಟ್ಟದ ಅನುಮತಿಯಿಂದ ಅದು ಸಾಧ್ಯವಿಲ್ಲ, ದತ್ತಸಂಚಯದಲ್ಲಿ ಪ್ರತ್ಯೇಕ ದಾಖಲೆ ಬೇಕಾಗುತ್ತದೆ.

ಓದಿದ ಮತ್ತು ಬದಲಾದ ಸಮಯಗಳನ್ನು ಒಡೆಯನು ಒಂದೇ ಆದೇಶದಿಂದ ಬೇಕಾದ ದಿನಾಂಕಕ್ಕೆ ಹೊಂದಿಸಬಹುದು. ಆದ್ದರಿಂದ ವ್ಯಾಜ್ಯಗಳಲ್ಲಿ ಕಾಲಮುದ್ರೆಯೊಂದೇ ಸಾಕ್ಷಿಯಾಗಲಾರದು. ವಿದ್ಯುನ್ಮಾನ ದಾಖಲೆಗಳಿಗೆ ಪ್ರಮಾಣಪತ್ರ ಕೇಳುವ 65ಬಿ ಕಲಮು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೂಲಕ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ಸೇರಿತು. ಮೂಲ ಉಪಕರಣವನ್ನೇ ಹಾಜರುಪಡಿಸದ ಸಂದರ್ಭದಲ್ಲಿ ಈ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2020ರ ಜುಲೈನಲ್ಲಿ ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ಇದರ ಸ್ಥಾನವನ್ನು 63ನೇ ಕಲಮು ಪಡೆದಿದೆ. ಅದರ ಪ್ರಮಾಣಪತ್ರದ ನಮೂನೆಯಲ್ಲಿ ಕಡತದ ಹ್ಯಾಶ್ ಬೆಲೆಯನ್ನು ನಮೂದಿಸಬೇಕಾಗುತ್ತದೆ. ಹ್ಯಾಶ್ ಬೆಲೆಯನ್ನು ಕಡತದ ಒಳಗಿನ ಬೈಟುಗಳಿಂದಲೇ ಲೆಕ್ಕಹಾಕುವುದರಿಂದ, ಹೆಸರು, ಒಡೆಯ ಅಥವಾ ದಿನಾಂಕ ಬದಲಾದರೂ ಅದು ಬದಲಾಗುವುದಿಲ್ಲ. ಒಳಗಿನ ಒಂದು ಅಕ್ಷರ ಬದಲಾದರೆ ಬೇರೆಯಾಗುತ್ತದೆ. ಪೈಥಾನ್‌ನಲ್ಲಿ ಇದನ್ನು ‘ಹ್ಯಾಶ್‌ಲಿಬ್’ ಘಟಕದಿಂದ ಪಡೆಯಬಹುದು.