ಅರಮನೆಯ ಪಿಸುಮಾತು ಮತ್ತು ಬಿದನೂರಿನ ಪತನ

ಆಳುವವರ ಮನೆಯ ಬಾಗಿಲು ಎಷ್ಟೇ ಭದ್ರವಾಗಿರಲಿ, ಅದಕ್ಕೆ ಕಿವಿಗೊಟ್ಟು ನಿಲ್ಲುವವರಿಗೆ ಯಾವ ಕಾಲದಲ್ಲಿಯೂ ಕೊರತೆಯಾಗಿಲ್ಲ. ಅರಸನು ಯಾರ ಮಾತಿಗೆ ಒಲಿಯುತ್ತಾನೆ, ರಾಣಿ ಯಾರೊಡನೆ ಸಲುಗೆಯಿಂದಿದ್ದಾಳೆ, ಯಾರ ಕೈಯಲ್ಲಿ ಯಾರ ಸೂತ್ರವಿದೆ ಎಂಬುದು ಪ್ರಜೆಗಳಿಗೆ ಸದಾ ಕುತೂಹಲದ ವಿಷಯ. ಈ ಕುತೂಹಲದಲ್ಲಿ ನ್ಯಾಯವಾದ ಅಂಶವೂ ಇಲ್ಲದಿಲ್ಲ. ಅರಮನೆಯ ಒಳಗೆ ನಡೆದ ತಪ್ಪಿಗೆ ಹೊರಗಿನ ಬಡಜನರು ಬೆಲೆ ತೆರಬೇಕಾಗುತ್ತದೆಯಷ್ಟೆ. ಆದರೆ ಕುತೂಹಲವು ಊಹೆಯಾಗಿ, ಊಹೆಯು ಸುದ್ದಿಯಾಗಿ, ಸುದ್ದಿಯು ಸಾಕ್ಷ್ಯವಾಗಿ ಬದಲಾಗುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ. ಹಾಗೆ ಬದಲಾದ ಮಾತು ಯಾರದೋ ಕೈಗೆ ಆಯುಧವಾಗಿ ಒದಗಿದಾಗ ಒಂದು ರಾಜ್ಯವೇ ಉರುಳಬಹುದು. ಇದಕ್ಕೆ ದೂರದ ದೇಶದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಇಂದು ನಮ್ಮ ಶಿವಮೊಗ್ಗ ಧರ್ಮಕ್ಷೇತ್ರದ ಎಲ್ಲೆಯೊಳಗೇ ಇರುವ ಎರಡು ಊರುಗಳ ನಡುವೆ, ಚಿತ್ರದುರ್ಗ ಮತ್ತು ಬಿದನೂರುಗಳ ನಡುವೆ, 1763ರಲ್ಲಿ ನಡೆದ ಸಂಗತಿ ಸಾಕು.

ಹಳೆಯ ಹಗೆ

ಕೆಳದಿಯ ನಾಯಕರು ಮೊದಲು ಕೆಳದಿಯಿಂದ, ಅನಂತರ ಇಕ್ಕೇರಿಯಿಂದ, ಕಡೆಯಲ್ಲಿ ಮಲೆನಾಡಿನ ದಟ್ಟ ಕಾಡುಗಳ ನಡುವಣ ಬಿದನೂರಿನಿಂದ ರಾಜ್ಯವಾಳಿದರು. ಕರಾವಳಿಯ ಬಂದರುಗಳೂ ಮೆಣಸು ಅಕ್ಕಿಗಳ ವ್ಯಾಪಾರವೂ ಅವರ ಕೈಯಲ್ಲಿದ್ದುದರಿಂದ ಬಿದನೂರು ಸಂಪತ್ತಿಗೆ ಹೆಸರಾಗಿತ್ತು. ಈ ವಂಶದಲ್ಲಿ ಹೆಣ್ಣೊಬ್ಬಳು ಪಟ್ಟವನ್ನು ಹೊತ್ತದ್ದು ಹೊಸದೇನೂ ಅಲ್ಲ. ಹದಿನೇಳನೆಯ ಶತಮಾನದ ಕೊನೆಯ ದಶಕಗಳಲ್ಲಿ ವಿಧವೆಯಾದ ರಾಣಿ ಚೆನ್ನಮ್ಮಾಜಿ ಸಮರ್ಥವಾಗಿ ಆಳಿದಳು. ಔರಂಗಜೇಬನ ಕೋಪಕ್ಕೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. ಪೋರ್ಚುಗೀಸರೊಡನೆ ಅವಳು ಮಾಡಿಕೊಂಡ ಒಪ್ಪಂದದಿಂದ ಕರಾವಳಿಯ ಕೆಲವೆಡೆಗಳಲ್ಲಿ ಕ್ರೈಸ್ತರಿಗೆ ದೇವಾಲಯಗಳನ್ನು ಕಟ್ಟಿಕೊಳ್ಳುವ ಅವಕಾಶವೂ ದೊರೆಯಿತು.

ಇತ್ತ ಬಯಲುಸೀಮೆಯಲ್ಲಿ ಚಿತ್ರದುರ್ಗದ ನಾಯಕರು ಬಲಿಷ್ಠರಾಗಿದ್ದರು. ಎರಡು ಮನೆತನಗಳ ನಡುವಿನ ವೈರ ಹಳೆಯದು. ನಮ್ಮ ಸಿರಿಗೆರೆಗೆ ದೂರವಲ್ಲದ ಮಾಯಕೊಂಡದ ಬಯಲಿನಲ್ಲಿ 1748ರಲ್ಲಿ ನಡೆದ ಕಾಳಗದಲ್ಲಿ ದುರ್ಗದ ಅರಸ ಮದಕರಿನಾಯಕನು ಮಡಿದನು. ಅವನೆದುರು ನಿಂತ ಒಕ್ಕೂಟದಲ್ಲಿ ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಜೊತೆಗೆ ಬಿದನೂರೂ ಇತ್ತು. ರಣರಂಗದಲ್ಲಿ ಬಿದ್ದ ಅರಸನ ನೆನಪು ಹದಿನೈದು ವರ್ಷಗಳಲ್ಲಿ ಅಳಿಯುವಂಥದಲ್ಲ. ಮುಂದಿನ ಕಥೆಯನ್ನು ಓದುವಾಗ ಈ ಹಗೆಯನ್ನು ಮರೆಯಬಾರದು.

ರಾಣಿ ಮತ್ತು ನಿಂಬಯ್ಯ

ಬಿದನೂರಿನ ಅರಸ ಬಸಪ್ಪನಾಯಕನು 1755ರ ಸುಮಾರಿಗೆ ತೀರಿಕೊಂಡನು. ಅವನ ದತ್ತುಪುತ್ರ ಚೆನ್ನಬಸಪ್ಪನಾಯಕನು ಪಟ್ಟಕ್ಕೆ ಬಂದನು. ಆದರೆ ಎರಡೇ ವರ್ಷಗಳಲ್ಲಿ ಎಳೆವಯಸ್ಸಿನಲ್ಲಿಯೇ ಅವನ ಕಥೆ ಮುಗಿಯಿತು. ಬಸಪ್ಪನಾಯಕನ ವಿಧವೆ ವೀರಮ್ಮಾಜಿಯು ಸೋಮಶೇಖರನೆಂಬ ಇನ್ನೊಬ್ಬ ಬಾಲಕನನ್ನು ದತ್ತು ಸ್ವೀಕರಿಸಿ, 1757ರಿಂದ ತಾನೇ ರಾಜ್ಯಸೂತ್ರವನ್ನು ಹಿಡಿದಳು.

ಪಿಸುಮಾತಿಗೆ ಇಷ್ಟು ಸಾಕಾಯಿತು. ರಾಣಿಗೂ ನಿಂಬಯ್ಯನೆಂಬ ಆಪ್ತನಿಗೂ ಕೂಡದ ಸಂಬಂಧವಿದೆಯೆಂದೂ, ಅದನ್ನು ಖಂಡಿಸಿದ ಎಳೆಯ ಅರಸನನ್ನು ಅವರಿಬ್ಬರೂ ಕೂಡಿ ಕೊಲ್ಲಿಸಿದರೆಂದೂ ಜನ ಆಡಿಕೊಂಡರು. ಕೊಲೆಯ ವಿವರಗಳೂ ಸಿದ್ಧವಾಗಿದ್ದುವು: ಸ್ನಾನದ ಹೊತ್ತಿನಲ್ಲಿ ಮೈ ತಿಕ್ಕುವ ನೆವದಿಂದ ಜಟ್ಟಿಯೊಬ್ಬನು ಹುಡುಗನ ಕತ್ತನ್ನು ತಿರುಚಿದನಂತೆ.

ಈ ವೃತ್ತಾಂತವನ್ನು ವಿಸ್ತಾರವಾಗಿ ಬರೆದಿಟ್ಟವನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಕರ್ನಲ್ ಮಾರ್ಕ್ ವಿಲ್ಕ್ಸ್. ಅವನ ಇತಿಹಾಸದ ಮೊದಲ ಸಂಪುಟ ಪ್ರಕಟವಾದದ್ದು 1810ರಲ್ಲಿ, ಎಂದರೆ ಬಿದನೂರು ಬಿದ್ದು ನಲವತ್ತೇಳು ವರ್ಷಗಳಾದ ಮೇಲೆ. ಆ ವೇಳೆಗೆ ರಾಣಿಯ ಪರವಾಗಿ ಮಾತನಾಡಬಲ್ಲ ಆಸ್ಥಾನವೂ ಉಳಿದಿರಲಿಲ್ಲ, ರಾಜ್ಯವೂ ಉಳಿದಿರಲಿಲ್ಲ. ಗೆದ್ದವರ ಪಾಳೆಯದಲ್ಲಿ ಬೆಳೆದ ಮಾತನ್ನೇ ಅವನು ಕೇಳಿರಬೇಕು. ಹಾಗೆಂದು ರಾಣಿಯು ನಿರ್ದೋಷಿಯೆಂದು ಸಾಧಿಸುವುದೂ ಸಾಧ್ಯವಿಲ್ಲ. ಎಳೆಯ ಅರಸನ ಅಕಾಲದ ಅಂತ್ಯ ಅನುಮಾನಕ್ಕೆ ಎಡೆ ಕೊಡುವಂಥದೇ. ನಮ್ಮ ಮುಂದಿರುವ ಪ್ರಶ್ನೆ ಬೇರೊಂದು. ಈ ಮಾತನ್ನು ಹೊತ್ತು ತಿರುಗಿದವರಿಗೆ ಸತ್ತ ಹುಡುಗನ ಮೇಲೆ ಕರುಣೆಯಿತ್ತೆ? ಅವರು ಬಯಸಿದ್ದು ನ್ಯಾಯವನ್ನೆ?

ದುರ್ಗದ ಬಿಡಾರದಲ್ಲಿ

1763ರ ಆರಂಭದಲ್ಲಿ ಹೈದರಾಲಿಯು ಶಿರಾ ಪ್ರಾಂತವನ್ನು ವಶಪಡಿಸಿಕೊಂಡು, ಸುತ್ತಣ ಪಾಳೆಯಗಾರರಿಂದ ಕಪ್ಪವನ್ನು ವಸೂಲು ಮಾಡುತ್ತ ಚಿತ್ರದುರ್ಗದ ಸೀಮೆಯಲ್ಲಿ ಬೀಡುಬಿಟ್ಟಿದ್ದನು. ಆಗ ದುರ್ಗದ ಪಟ್ಟದಲ್ಲಿದ್ದವನು ಕೊನೆಯ ಮದಕರಿನಾಯಕ. ಅವನು ತರುಣನೊಬ್ಬನನ್ನು ಹೈದರನ ಮುಂದೆ ತಂದು ನಿಲ್ಲಿಸಿದನೆಂದು ವಿಲ್ಕ್ಸ್ ಹೇಳುತ್ತಾನೆ. ತಾನೇ ಚೆನ್ನಬಸಪ್ಪನಾಯಕನೆಂದೂ, ಕೊಲ್ಲಲು ಬಂದ ಜಟ್ಟಿಯೇ ಕನಿಕರದಿಂದ ತನ್ನನ್ನು ಬಚ್ಚಿಟ್ಟು ಉಳಿಸಿದನೆಂದೂ ಆ ತರುಣ ಹೇಳಿಕೊಂಡನು. ಊರೆಲ್ಲ ಆಡುತ್ತಿದ್ದ ಕಥೆಗೆ ಈಗ ಜೀವಂತ ಸಾಕ್ಷಿಯೊಬ್ಬ ದೊರೆತಂತಾಯಿತು. ಸೈನಿಕರು ಮಾತ್ರ ನಗುತ್ತ ಅವನಿಗೆ, ಸತ್ತು ಎದ್ದು ಬಂದ ರಾಜನೆಂಬ ಅರ್ಥ ಬರುವ ಅಡ್ಡಹೆಸರನ್ನಿಟ್ಟಿದ್ದರು.

ಹೈದರನು ಆ ತರುಣನ ಮಾತನ್ನು ನಂಬಿದನೋ ಇಲ್ಲವೋ, ಅದರ ಉಪಯೋಗವನ್ನಂತೂ ಚೆನ್ನಾಗಿ ಬಲ್ಲವನಾಗಿದ್ದನು. ಅನ್ಯಾಯಕ್ಕೆ ಗುರಿಯಾದ ಅರಸನಿಗೆ ಅವನ ಪಟ್ಟವನ್ನು ಮರಳಿ ಕೊಡಿಸುವ ಧರ್ಮಕಾರ್ಯವೆಂಬ ಹೆಸರಿನಲ್ಲಿ ದಂಡು ಮಲೆನಾಡಿನತ್ತ ಹೊರಟಿತು. ವೀರಮ್ಮಾಜಿಯು ಹಣವನ್ನು ಕೊಡುವೆನೆಂದು ಹೇಳಿಕಳುಹಿಸಿದಳು. ದಂಡು ಹತ್ತಿರವಾದಂತೆಲ್ಲ ಮೊತ್ತವನ್ನು ಏರಿಸಿದಳು. ಹಿಂದೆ ಮಂತ್ರಿಯಾಗಿದ್ದು ಸೆರೆಯಲ್ಲಿದ್ದ ಲಿಂಗಣ್ಣನೆಂಬವನು ಕಾಡಿನೊಳಗಿನ ಗುಪ್ತಮಾರ್ಗವನ್ನು ತೋರಿಸಿಕೊಟ್ಟನು. ಮಾರ್ಚ್ ತಿಂಗಳಿನಲ್ಲಿ ಬಿದನೂರು ಹೆಚ್ಚಿನ ಹೋರಾಟವಿಲ್ಲದೆ ಬಿದ್ದಿತು. ರಾಣಿಯು ಅರಮನೆಗೆ ಬೆಂಕಿಯಿಡಲು ಆಜ್ಞಾಪಿಸಿ, ಬಾಲಕನೊಡನೆ ಬಲ್ಲಾಳರಾಯನದುರ್ಗಕ್ಕೆ ಓಡಿದಳು. ಅಲ್ಲಿ ಸೆರೆ ಸಿಕ್ಕಳು. ಅಂದು ಹೈದರನ ಕೈಸೇರಿದ ಸಂಪತ್ತನ್ನು ವಿಲ್ಕ್ಸ್ ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡುಗಳೆಂದು ಅಂದಾಜು ಮಾಡುತ್ತಾನೆ. ಈ ಲೆಕ್ಕ ಉತ್ಪ್ರೇಕ್ಷೆಯಿರಬಹುದು. ಆದರೆ ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರೇ ಮೂಲವೆಂದು ಹೈದರನೇ ಹೇಳಿಕೊಳ್ಳುತ್ತಿದ್ದನಂತೆ. ಊರಿನ ಹೆಸರೂ ಹೈದರ್‌ನಗರವೆಂದು ಬದಲಾಯಿತು. ಇಂದು ನಾವು ನಗರವೆಂದು ಕರೆಯುವ ಹೊಸನಗರ ತಾಲ್ಲೂಕಿನ ಊರು ಅದೇ.

ಯಾರ ಹೆಸರಿನಲ್ಲಿ ಯುದ್ಧ ನಡೆಯಿತೋ ಆ ತರುಣನ ಗತಿಯೇನಾಯಿತು? ಅವನಿಗೆ ಪಟ್ಟ ಸಿಗಲಿಲ್ಲ. ರಾಣಿ, ನಿಂಬಯ್ಯ, ದತ್ತುಬಾಲಕ ಮತ್ತು ಸತ್ತು ಎದ್ದು ಬಂದೆನೆಂದ ಆ ಹಕ್ಕುದಾರ, ಎಲ್ಲರನ್ನೂ ಮಧುಗಿರಿಯ ಒಂದೇ ಸೆರೆಗೆ ತಳ್ಳಲಾಯಿತೆಂದು ವಿಲ್ಕ್ಸ್ ಬರೆಯುತ್ತಾನೆ. ಆರೋಪಿಗಳಿಗೂ ಆರೋಪ ಮಾಡಿದವನಿಗೂ ಒಂದೇ ಕೋಣೆ! ಕೊಲೆ ನಡೆದಿತ್ತೆ, ಅನೈತಿಕ ಸಂಬಂಧವಿತ್ತೆ, ತರುಣನು ನಿಜವಾದ ಅರಸನೆ ಎಂದು ಆಮೇಲೆ ಯಾರೂ ವಿಚಾರಿಸಲಿಲ್ಲ. ರಾಜ್ಯ ಕೈಸೇರಿದ ಮೇಲೆ ವಿಚಾರಣೆಯ ಅಗತ್ಯವಾದರೂ ಏನಿತ್ತು? ಅನುಮಾನವೇ ಬಿದನೂರಿನ ಬೀಗವನ್ನು ತೆರೆಯಿತು. ಬಾಗಿಲು ತೆರೆದ ಮೇಲೆ ಕೀಲಿಕೈಯನ್ನು ಬಿಸಾಡಿದರು.

1767ರಲ್ಲಿ ಪೇಶ್ವೆ ಮಾಧವರಾಯನು ಮಧುಗಿರಿಯನ್ನು ಹಿಡಿದು ವೀರಮ್ಮಾಜಿಯನ್ನು ಬಿಡಿಸಿದನು. ಪುಣೆಗೆ ಹೋಗುವ ದಾರಿಯಲ್ಲಿ, ನರಗುಂದದಲ್ಲಿ, ಅವಳು ಕೊನೆಯುಸಿರೆಳೆದಳು. ಅವಳ ಮೇಲಿನ ಆರೋಪ ಸಾಬೀತೂ ಆಗಲಿಲ್ಲ, ತೊಳೆದೂ ಹೋಗಲಿಲ್ಲ.

ಹಗೆಯನ್ನು ತೀರಿಸಿಕೊಂಡ ದುರ್ಗವೂ ಸುಖವಾಗಿರಲಿಲ್ಲ. ನೆರೆಮನೆಯ ಗುಟ್ಟನ್ನು ಯಾರ ಕೈಗೆ ಒಪ್ಪಿಸಲಾಯಿತೋ ಅವನೇ ಕೆಲವು ವರ್ಷಗಳಲ್ಲಿ ಕೋಟೆಯ ಬಾಗಿಲಿಗೆ ಬಂದನು. ಬಿದನೂರಿನ ಹಣದಿಂದ ಬಲಿತ ಸೈನ್ಯವು 1779ರಲ್ಲಿ, ಒಳಗಿನವರ ದ್ರೋಹದ ನೆರವಿನಿಂದ, ಚಿತ್ರದುರ್ಗವನ್ನು ಗೆದ್ದುಕೊಂಡಿತು. ಮದಕರಿನಾಯಕನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ದುರ್ಗದ ಸಾವಿರಾರು ಜನರನ್ನೂ ಅಲ್ಲಿಗೆ ಸಾಗಿಸಲಾಯಿತು.

ಎದುರಿಗೆ ಆಡಿದ ಮಾತು

ಆಳುವವರ ತಪ್ಪನ್ನು ಕಂಡೂ ಕಾಣದಂತೆ ಇರಬೇಕೆ ಎಂದು ಯಾರಾದರೂ ಕೇಳಬಹುದು. ಶುಭಸಂದೇಶವು ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಹೆರೋದನು ತನ್ನ ಸೋದರನು ಬದುಕಿರುವಾಗಲೇ ಅವನ ಹೆಂಡತಿ ಹೆರೋದಿಯಳನ್ನು ತನ್ನವಳನ್ನಾಗಿ ಮಾಡಿಕೊಂಡಿದ್ದನು. ಗಲಿಲೇಯದ ಮನೆಮನೆಯಲ್ಲಿ ಈ ಜೋಡಿಯ ಮಾತು ನಡೆದಿರಬೇಕು. ಮಾರುಕಟ್ಟೆಯಲ್ಲಿ ಜನ ಕಣ್ಣುಮಿಟುಕಿಸಿ ನಕ್ಕಿರಬೇಕು. ಅವರಲ್ಲಿ ಯಾರ ಹೆಸರೂ ಉಳಿದಿಲ್ಲ. ಉಳಿದದ್ದು ಸ್ನಾನಿಕ ಯೊವಾನ್ನರ ಹೆಸರು. ಅವರು ಪಿಸುಗುಟ್ಟಲಿಲ್ಲ. ಇದು ಧರ್ಮವಲ್ಲವೆಂದು ಹೆರೋದನಿಗೇ ನೇರವಾಗಿ ಹೇಳಿದರು. ಆ ಮಾತಿಗೆ ತಮ್ಮ ತಲೆಯನ್ನೇ ತೆತ್ತರು.

ಮದಕರಿಯ ಬಿಡಾರದಲ್ಲಿ ಹಾಗೂ ಹೆರೋದನ ಆಸ್ಥಾನದಲ್ಲಿ ಆಡಿದ ಮಾತುಗಳ ವಿಷಯ ಹೆಚ್ಚುಕಡಿಮೆ ಒಂದೇ: ಆಳುವವರ ಕೂಡದ ಸಂಬಂಧ. ವ್ಯತ್ಯಾಸವಿರುವುದು ಮಾತು ಹೋದ ದಿಕ್ಕಿನಲ್ಲಿ. ಒಂದು ಮಾತು ತಪ್ಪು ಮಾಡಿದವನ ಬಳಿಗೇ ಹೋಯಿತು. ಅವನ ಮನಃಪರಿವರ್ತನೆಯನ್ನು ಬಯಸಿತು. ಆಡಿದವನಿಗೆ ನಷ್ಟವನ್ನು ತಂದಿತು. ಇನ್ನೊಂದು ಮಾತು ಮೂರನೆಯವನ ಬಳಿಗೆ ಹೋಯಿತು. ಗುರಿಯಾದವರ ನಾಶವನ್ನು ಬಯಸಿತು. ಕೇಳಿದವನಿಗೆ ಲಾಭವನ್ನು ತಂದಿತು. ಪ್ರವಾದಿಯನ್ನೂ ಚಾಡಿಕೋರನನ್ನೂ ಗುರುತಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಇರಲಾರದು.

ದಾನಿಯೇಲನ ಗ್ರಂಥದಲ್ಲಿ ಬರುವ ಸುಸನ್ನಳ ಕಥೆಯೂ ಇಲ್ಲಿ ನೆನಪಾಗುತ್ತದೆ. ಗೌರವಸ್ಥರಾದ ಇಬ್ಬರು ಹಿರಿಯರು ಆ ಸಾಧ್ವಿಯ ಮೇಲೆ ವ್ಯಭಿಚಾರದ ಆರೋಪವನ್ನು ಹೊರಿಸಿದಾಗ ಸಭೆಯೆಲ್ಲ ಒಡನೆಯೇ ನಂಬಿತು. ತರುಣ ದಾನಿಯೇಲನು ಮಾಡಿದ್ದು ಬಹಳ ಸರಳವಾದ ಕೆಲಸ. ಸಾಕ್ಷಿಗಳಿಬ್ಬರನ್ನೂ ಬೇರೆಬೇರೆಯಾಗಿ ಕರೆದು, ಯಾವ ಮರದ ಕೆಳಗೆ ಕಂಡಿರೆಂದು ಕೇಳಿದನು. ಇಬ್ಬರೂ ಬೇರೆಬೇರೆ ಮರಗಳನ್ನು ಹೆಸರಿಸಿದರು, ಸುಳ್ಳು ಬಯಲಾಯಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರೂ ಹೇಳಿಲ್ಲವೆ? ಬಿದನೂರಿಗೆ ಒಬ್ಬ ದಾನಿಯೇಲನು ಒದಗಲಿಲ್ಲ.

ಧರ್ಮಸಭೆಯು ಎಂಟನೆಯ ಆಜ್ಞೆಯನ್ನು ವಿವರಿಸುವಾಗ ನಾಲಗೆಯ ಪಾಪಗಳಲ್ಲಿ ಮೂರನ್ನು ಬಿಡಿಸಿ ಹೇಳುತ್ತದೆ. ತಕ್ಕ ಆಧಾರವಿಲ್ಲದೆ ಇನ್ನೊಬ್ಬರ ತಪ್ಪನ್ನು ಮನಸ್ಸಿನಲ್ಲಿಯೇ ನಿಜವೆಂದು ಒಪ್ಪಿಕೊಳ್ಳುವುದು ದುಡುಕಿನ ತೀರ್ಪು. ನಿಜವಾದ ದೋಷವನ್ನೇ ಆದರೂ ಸರಿಯಾದ ಕಾರಣವಿಲ್ಲದೆ, ತಿಳಿಯದವರಿಗೆ ತಿಳಿಸುವುದು ಪರದೂಷಣೆ. ಸುಳ್ಳನ್ನು ಹೇಳಿ ಇನ್ನೊಬ್ಬರ ಹೆಸರನ್ನು ಕೆಡಿಸುವುದು ಮಿಥ್ಯಾಪವಾದ. ನಾವು ಸಾಮಾನ್ಯವಾಗಿ ಮೂರನೆಯದನ್ನು ಮಾತ್ರ ಪಾಪವೆಂದು ಎಣಿಸಿ, ನಾನು ಹೇಳಿದ್ದು ನಿಜವಲ್ಲವೆ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ನಿಜದ ಮಾತೂ ಗಾಯ ಮಾಡಬಲ್ಲದು; ಕೇಳಿ ಸುಮ್ಮನೆ ನಂಬಿದ ಕಿವಿಯೂ ಪಾಲುದಾರನಾಗಬಲ್ಲದು.

ಸಿರಿಗೆರೆಯ ಪಾಠ

ನಮ್ಮ ಸೀಮೆಯವರಿಗೆ ಇನ್ನೊಂದು ಉದಾಹರಣೆ ಕಣ್ಣೆದುರಿಗೇ ಇದೆ. ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ಸದ್ಧರ್ಮ ನ್ಯಾಯಪೀಠವು ನಡೆದುಬಂದಿದೆ. ಗಂಡಹೆಂಡಿರ ವಿರಸ, ಅಣ್ಣತಮ್ಮಂದಿರ ಹೊಲದ ತಕರಾರು ಮೊದಲಾದ ವ್ಯಾಜ್ಯಗಳನ್ನು ಹೊತ್ತು ಜನರು ಅಲ್ಲಿಗೆ ಬರುತ್ತಾರೆ. ಅಲ್ಲಿಯ ಕ್ರಮ ಗಮನಿಸತಕ್ಕದ್ದು: ದೂರು ಕೊಟ್ಟವರನ್ನೂ ದೂರಿಗೆ ಗುರಿಯಾದವರನ್ನೂ ಕರೆಸಿ, ಇಬ್ಬರ ಮಾತನ್ನೂ ಕೇಳಲಾಗುತ್ತದೆ. ಬೇರೆ ಧರ್ಮಪರಂಪರೆಯ ಪೀಠವಾದರೂ ಈ ವಿವೇಕವನ್ನು ನಾವು ಗೌರವದಿಂದ ಕಾಣಬೇಕು. ಸೋದರನು ತಪ್ಪಿದರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ತಿಳಿಹೇಳಿರೆಂದು ಯೇಸುಸ್ವಾಮಿ ಬೋಧಿಸಿದ್ದರಲ್ಲಿಯೂ ಎದುರೆದುರು ನಿಲ್ಲುವ ಇದೇ ಧೈರ್ಯವಿದೆ.

ಇಂದು ಅರಸರಿಲ್ಲ, ಅವರ ಜಾಗದಲ್ಲಿ ಜನನಾಯಕರಿದ್ದಾರೆ. ಅವರ ದಾಂಪತ್ಯ, ವಿರಸ, ಸ್ನೇಹಗಳ ಕುರಿತ ಊಹೆಗಳು ಬಾಯಿಂದ ಬಾಯಿಗೆ ಹರಡಲು ವರ್ಷಗಳು ಬೇಕಿಲ್ಲ. ಅಂಗೈಯ ಮೊಬೈಲಿನಲ್ಲಿ ಗಳಿಗೆಯೊಳಗೆ ಊರನ್ನು ಸುತ್ತಿಬರುತ್ತವೆ. ಚುನಾವಣೆ ಹತ್ತಿರವಾದಂತೆ ಅವುಗಳ ಬೆಳೆ ಹುಲುಸಾಗುತ್ತದೆ. ನಾಯಕನು ಸಾರ್ವಜನಿಕರ ಹಣವನ್ನು ಹೇಗೆ ಬಳಸಿದನು, ಬಡವನಿಗೆ ಏನು ಮಾಡಿದನು ಎಂದು ಬಹಿರಂಗವಾಗಿ ಕೇಳುವುದು ಪ್ರಜೆಯ ಹಕ್ಕು. ಕ್ರೈಸ್ತನಿಗೆ ಅದು ಕರ್ತವ್ಯವೂ ಹೌದು. ಆದರೆ ಅವನ ಮನೆಯ ಹೆಣ್ಣುಮಗಳ ಶೀಲವನ್ನು ನಗೆಯ ವಸ್ತುವಾಗಿ ಮಾಡುವ ಸುದ್ದಿ ಕೈಗೆ ಬಂದಾಗ, ಇದರಿಂದ ಯಾರಿಗೆ ಲಾಭವೆಂದು ಒಂದು ಕ್ಷಣ ಯೋಚಿಸಬೇಕು. ಬಹುಸಾರಿ ಆ ಲಾಭ ಯಾವನೋ ಒಬ್ಬ ಹೈದರನದಾಗಿರುತ್ತದೆ. ಹೊತ್ತು ತಿರುಗಿದ ನಮ್ಮದಂತೂ ಆಗಿರುವುದಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾತ್ರಿಯ ಊಟಕ್ಕೆ ಕುಳಿತಾಗ ದೊಡ್ಡವರು ಯಾರ ಮನೆಯ ಮಾತನ್ನು ಹೇಗೆ ಆಡುತ್ತಾರೆಂಬುದನ್ನು ಮಕ್ಕಳು ಕೇಳುತ್ತಲೇ ಇರುತ್ತಾರೆ. ಎಂಟನೆಯ ಆಜ್ಞೆಯನ್ನು ಅವರು ಮೊದಲು ಕಲಿಯುವುದು ಆ ಪಂಕ್ತಿಯಲ್ಲಿಯೇ. ಪ್ರಭುವು ನಮ್ಮ ನಾಲಗೆಗೂ ಕಿವಿಗೂ ಕಾವಲಾಗಿರಲಿ. ಹೇಳಲೇಬೇಕಾದ ಸತ್ಯವನ್ನು ಎದುರಿಗೆ ನಿಂತು ಹೇಳುವ ಎದೆಗಾರಿಕೆಯನ್ನು ನಮಗೆ ಅನುಗ್ರಹಿಸಲಿ.